ಕಾಡು ಕುಡಿದ ನೀರು, ಕಾಡು ಬಿಟ್ಟ ನೀರು

(ವಿದ್ಯಾರಣ್ಯಪುರದ ಗ್ರಾಮ ಕಾರ್ಯಕರ್ತರೊಬ್ಬರು ಬರೆದ ಪಾಠ)



ಹೆಸರಘಟ್ಟ ಹೋಬಳಿಯ ಒಂದು ಹಳ್ಳಿಯಲ್ಲಿ ಕಳೆದ ಗ್ರಾಮಸಭೆಯ ದಿನ ಒಂದು ಚರ್ಚೆ ನಡೆಯಿತು. ಕೆರೆಯ ಮೇಲ್ಭಾಗದ ಗೋಮಾಳದಲ್ಲಿ ಗಿಡ ನೆಡಬೇಕೆ ಬೇಡವೆ ಎಂಬುದು ವಿಷಯ. ಒಂದು ಪಕ್ಷದವರು, "ಮರ ಇದ್ರೆ ಮಳೆ, ಮಳೆ ಇದ್ರೆ ನೀರು. ಗೋಮಾಳದ ತುಂಬ ಗಿಡ ಹಾಕಿ, ಎರಡು ವರ್ಷಕ್ಕೆ ಕೆರೆ ಕೋಡಿ ಬೀಳುತ್ತೆ" ಎಂದರು. ಆಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, "ನೀಲಗಿರಿ ಹಾಕಿ ಬಾವಿ ಒಣಗಿಸ್ಕೊಂಡಿದ್ದು ಸಾಲದಾ? ಮರ ನೀರು ಕೊಡಲ್ಲ ಕಣ್ರಪ್ಪ, ಕುಡಿಯುತ್ತೆ" ಎಂದರು. ಮಾತು ಬೆಳೆಯಿತು. ಕೊನೆಗೆ ಎರಡೂ ಕಡೆಯವರು ನನ್ನ ಕಡೆಗೆ ತಿರುಗಿ, "ನೀವು ಓದಿದೋರು, ಹೇಳಿ ಸ್ವಾಮಿ" ಎಂದರು.

ಕೃಷಿ ಡಿಪ್ಲೊಮಾದಲ್ಲಿ ನಾನು ಮಣ್ಣು, ಬೀಜ, ಗೊಬ್ಬರ, ಕೀಟ ಇವುಗಳ ಪಾಠ ಕಲಿತವನೇ ಹೊರತು ಈ ಪ್ರಶ್ನೆಗೆ ಸಿದ್ಧ ಉತ್ತರ ನನ್ನ ಬಳಿ ಇರಲಿಲ್ಲ. "ಓದಿ, ವಿಚಾರಿಸಿ, ಪತ್ರಿಕೆಯಲ್ಲಿ ಬರೆಯುತ್ತೇನೆ" ಎಂದು ಹೇಳಿ ಎದ್ದು ಬಂದೆ. ಈ ಪಾಠವು ಆ ಸಾಲದ ತೀರುವಳಿ.

ಮೊದಲಿಗೇ ಹೇಳಿಬಿಡುತ್ತೇನೆ: ಎರಡು ಪಕ್ಷದವರ ಮಾತಿನಲ್ಲೂ ಸತ್ಯದ ಅಂಶವಿದೆ. ಆದರೆ ಎಷ್ಟೆಷ್ಟು ಸತ್ಯ ಎಂಬುದು ವಾದದಿಂದ ತಿಳಿಯುವಂಥದಲ್ಲ. ಬಿದ್ದ ಮಳೆಯಲ್ಲಿ ಮರಕ್ಕೆ ಹೋದದ್ದೆಷ್ಟು, ಹಳ್ಳಕ್ಕೆ ಹೋದದ್ದೆಷ್ಟು, ನೆಲದಡಿಗೆ ಇಳಿದದ್ದೆಷ್ಟು ಎಂದು ಅಳೆದೇ ನೋಡಬೇಕು. ಅದೂ ಒಂದು ವರ್ಷ ಅಳೆದರೆ ಸಾಲದು. ಒಂದು ಸಲ ಅಳೆದು ಬುದ್ಧಿ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಆ ತಪ್ಪು ಮಾಡಿದವನು ನಾನೇ.

ಒಂದೇ ದಿನದ ಅಳತೆ

2022ನೇ ಇಸವಿಯ ಮಳೆ ಎಲ್ಲರಿಗೂ ನೆನಪಿದೆ. ಬೆಂಗಳೂರಿನಲ್ಲಿ 2017ರಲ್ಲಿ ಬಿದ್ದ 1,696 ಮಿಲ್ಲಿಮೀಟರ್ ಮಳೆಯೇ ಅಲ್ಲಿಯವರೆಗಿನ ದಾಖಲೆಯಾಗಿತ್ತು. 2022 ಅದನ್ನೂ ಮೀರಿಸಿತು. ನಮ್ಮ ಕಡೆಯ ಸಾಧಾರಣ ಮಳೆ 900ರಿಂದ 1,000 ಮಿಲ್ಲಿಮೀಟರ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆ ವರ್ಷದ ನವೆಂಬರಿನಲ್ಲಿ, ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ, ಒಬ್ಬ ರೈತರು ತಮ್ಮ ಹಳೆಯ ಬಾವಿಯ ಬಳಿಗೆ ಕರೆದುಕೊಂಡು ಹೋದರು. ಹತ್ತಾರು ವರ್ಷ ಬರಿದಾಗಿದ್ದ ಬಾವಿಯಲ್ಲಿ ನೀರು ಕೈಗೆ ಸಿಗುವ ಹಾಗೆ ನಿಂತಿತ್ತು. ಟೇಪು ಬಿಟ್ಟು ಅಳೆದೆ, ಪಕ್ಕದ ಕೊಳವೆಬಾವಿಯ ನೀರಿನ ಮಟ್ಟವನ್ನೂ ವಿಚಾರಿಸಿದೆ. "ಇನ್ನೊಂದು ಎಕರೆಗೆ ಗುಲಾಬಿ ಹಾಕಬಹುದು, ಹನಿ ನೀರಾವರಿ ಮಾಡಿಕೊಳ್ಳಿ" ಎಂದು ಧೈರ್ಯವಾಗಿ ಹೇಳಿದೆ. ಅವರು ಸಾಲ ತೆಗೆದು ಹಾಗೆಯೇ ಮಾಡಿದರು.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. 2024ರ ಬೇಸಿಗೆಯ ಹೊತ್ತಿಗೆ ಬೆಂಗಳೂರಿನ ಬಡಾವಣೆಗಳಲ್ಲೇ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ಮುಂದೆ ಜನ ಕೊಡ ಹಿಡಿದು ನಿಂತರು. ಆ ರೈತರ ಬಾವಿಯ ತಳದ ಕಲ್ಲು ಕಂಡಿತು. ಎರಡು ತಿಂಗಳು ನೀರು ಕೊಂಡು ಗಿಡಕ್ಕೆ ಹಾಕಿದರು, ಆಮೇಲೆ ಅರ್ಧ ಎಕರೆಯನ್ನು ಒಣಗಲು ಬಿಟ್ಟರು. ನಾನು ತಲೆ ತಗ್ಗಿಸಿಕೊಂಡು ಹೋಗಿ ಕುಳಿತಾಗ ಅವರು ಬಯ್ಯಲಿಲ್ಲ. "ನೀವು ಅಳೆದಿದ್ದು ಸರಿಯಾಗೇ ಇತ್ತು ಸ್ವಾಮಿ. ಅಳೆದ ದಿನ ಸರಿ ಇರಲಿಲ್ಲ" ಎಂದಷ್ಟೇ ಅಂದರು. ಬಯ್ದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಈಗ ಗೋಮಾಳದ ಪ್ರಶ್ನೆ ಬಂದಾಗ ಅದೇ ರೀತಿ ಬಾಯಿಗೆ ಬಂದದ್ದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ. ನಮ್ಮ ಹೊಲಗಳ ನಡುವೆ ನಿಂತು ಮರದ ಪಾಲಿನ ನೀರನ್ನು ಲೆಕ್ಕ ಹಾಕುವುದೂ ಸುಲಭವಲ್ಲ. ಒಬ್ಬರು ಮೋಟಾರು ಹಾಕುತ್ತಾರೆ, ಇನ್ನೊಬ್ಬರು ಕೃಷಿಹೊಂಡ ತೋಡುತ್ತಾರೆ, ಮತ್ತೊಬ್ಬರ ಜಮೀನು ಲೇಔಟ್ ಆಗುತ್ತದೆ. ಎಲ್ಲವೂ ಕಲಸಿಹೋಗುತ್ತದೆ. ಮೋಟಾರೇ ಇಲ್ಲದ, ಮಳೆ, ಮಣ್ಣು, ಮರ ಮಾತ್ರ ಇರುವ ಕಡೆಯಲ್ಲಿ ಬಹುಕಾಲ ಅಳೆದರೆ ಮೂಲದ ಲೆಕ್ಕ ಸಿಗುತ್ತದೆ. ಅಂಥ ಒಂದು ಜಾಗ ನಮ್ಮ ರಾಜ್ಯದಲ್ಲೇ ಇದೆ.

ಬಂಡೀಪುರದ ಮೂಲೆಹೊಳೆ

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ರಸ್ತೆಯಲ್ಲಿ, ಬಂಡೀಪುರದ ಕಾಡಿನೊಳಗೆ, ರಾಜ್ಯದ ಗಡಿಗೆ ಸಮೀಪವಾಗಿ ಮೂಲೆಹೊಳೆ ಎಂಬ ಸ್ಥಳವಿದೆ. ಅಲ್ಲಿ ಸುಮಾರು 4 ಚದರ ಕಿಲೋಮೀಟರ್, ಅಂದರೆ ಸಾವಿರ ಎಕರೆಯ ಆಸುಪಾಸಿನ ಒಂದು ಕಿರು ಜಲಾನಯನ ಪ್ರದೇಶವನ್ನು ಗುರುತಿಸಿ, 2003ರಿಂದ ನೀರಿನ ಅಳತೆಯನ್ನು ಮಾಡಲಾಗುತ್ತಿದೆ. ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸ್ ದೇಶದ ಸಂಶೋಧಕರೂ ಕೂಡಿ ನಡೆಸುವ ಕೆಲಸವಿದು. ನಮ್ಮವರ ಪೈಕಿ ಪ್ರೊಫೆಸರ್ ಶೇಖರ್ ಮುದ್ದು, ಅವರ ಕಡೆಯಿಂದ ಲೊರಾಂ ರುಯಿಜ್ ಮುಂತಾದವರು ಇದರಲ್ಲಿ ತೊಡಗಿದವರು.

ಜಲಾನಯನ ಎಂದರೆ ದೊಡ್ಡ ಮಾತೇನಲ್ಲ. ಒಂದು ಮೊರವನ್ನು ನೆನೆಸಿಕೊಳ್ಳಿ. ಮೂರು ಕಡೆ ಏರು, ಒಂದು ಕಡೆ ಇಳಿ. ಮೊರದೊಳಗೆ ಎಲ್ಲಿ ನೀರು ಬಿದ್ದರೂ ಆ ಒಂದೇ ಬಾಯಿಯಿಂದ ಹೊರಗೆ ಬರಬೇಕು. ಮೂಲೆಹೊಳೆಯಲ್ಲಿ ಆ ಬಾಯಿಯಲ್ಲಿ ಅಳತೆಯ ನಾಲೆಯೊಂದನ್ನು ಕಟ್ಟಿ, ಹಳ್ಳದ ನೀರು ಎಷ್ಟು ಎತ್ತರಕ್ಕೆ ಹರಿಯಿತು ಎಂಬುದನ್ನು ಯಂತ್ರದಿಂದ ಬರೆಸುತ್ತಾರೆ. ಮಳೆ, ಬಿಸಿಲು, ಗಾಳಿ ಅಳೆಯುವ ಕೇಂದ್ರವಿದೆ. ಇಳಿಜಾರಿನುದ್ದಕ್ಕೂ ಕೊರೆದ ವೀಕ್ಷಣಾ ಬಾವಿಗಳಿವೆ. ಅವುಗಳಿಂದ ಯಾರೂ ನೀರೆತ್ತುವುದಿಲ್ಲ, ಮಟ್ಟವನ್ನು ಮಾತ್ರ ನೋಡುತ್ತಾರೆ. ಮಳೆಯ ನೀರು, ಹಳ್ಳದ ನೀರು, ಬಾವಿಯ ನೀರು ಮೂರನ್ನೂ ಸೀಸೆಯಲ್ಲಿ ತುಂಬಿ ಅದರಲ್ಲಿರುವ ಲವಣಗಳನ್ನೂ ಪರೀಕ್ಷಿಸುತ್ತಾರೆ. ಆನೆ, ಹುಲಿ ತಿರುಗುವ ಕಾಡಿನಲ್ಲಿ ವರ್ಷದ ಮೇಲೆ ವರ್ಷ ಈ ಕೆಲಸವನ್ನು ಬಿಡದೆ ಮಾಡುವುದು ಸಾಮಾನ್ಯವೇನಲ್ಲ.

ಅಲ್ಲಿಯ ಕಾಡು ಮಲೆನಾಡಿನ ನಿತ್ಯಹಸುರಿನ ಕಾಡಲ್ಲ. ದಿಂಡಿಗ, ಮತ್ತಿ, ತೇಗ ಇವೇ ಮುಖ್ಯ ಮರಗಳು. ಬೇಸಿಗೆಯಲ್ಲಿ ಎಲೆ ಉದುರಿಸುವಂಥವು. ಮೇಲೆ ಹೆಚ್ಚಾಗಿ ಕೆಂಪು ಮಣ್ಣು, ತಗ್ಗಿನಲ್ಲಿ ಕಪ್ಪು ಮಣ್ಣು. ಅಡಿಯಲ್ಲಿರುವುದು ನಮ್ಮ ಯಲಹಂಕ, ಹೆಸರಘಟ್ಟದ ಅಡಿಯಲ್ಲಿರುವ ಜಾತಿಯದೇ ಬಂಡೆ. ಮಳೆಯೂ ನಮ್ಮದಕ್ಕಿಂತ ಸ್ವಲ್ಪವೇ ಹೆಚ್ಚು. ಆದ್ದರಿಂದ ಅಲ್ಲಿಯ ಲೆಕ್ಕ ನಮಗೆ ಪರದೇಶದ ಲೆಕ್ಕವಲ್ಲ.

ಲೆಕ್ಕ ಹೀಗಿದೆ

ಐದು ವರ್ಷ ಅಳೆದ ಮೇಲೆ ಅವರು ಆ ಅಳತೆಗಳಿಗೆ ಹೊಂದುವ ಒಂದು ಲೆಕ್ಕದ ಕ್ರಮವನ್ನು ಕಟ್ಟಿ, 32 ವರ್ಷಗಳ ಹವೆಯ ದಾಖಲೆಗೆ ಅದನ್ನು ಅನ್ವಯಿಸಿ, 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸರಾಸರಿ ವರ್ಷಕ್ಕೆ ಬಿದ್ದ ಮಳೆ 1,090 ಮಿಲ್ಲಿಮೀಟರ್. ಅದರಲ್ಲಿ ಮರಗಿಡಗಳು ಕುಡಿದು ಎಲೆಯಿಂದ ಆವಿ ಮಾಡಿದ್ದು ಮತ್ತು ನೆಲದಿಂದ ಆವಿಯಾದದ್ದು ಸೇರಿ ಸುಮಾರು 900. ಹಳ್ಳದಲ್ಲಿ ಹರಿದು ಹೋದದ್ದು ಸುಮಾರು 100. ನೆಲದಡಿಗೆ ಇಳಿದು ಅಂತರ್ಜಲವಾಗಿ ಹರಿದದ್ದು ಸುಮಾರು 80. ಇವು ದುಂಡಗೆ ಮಾಡಿದ ಅಂಕಿಗಳಾದ್ದರಿಂದ ಕೂಡಿದಾಗ ಹತ್ತರಷ್ಟು ವ್ಯತ್ಯಾಸ ಕಾಣುತ್ತದೆ.

ಎಕರೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಎಕರೆಯ ಮೇಲೆ ಒಂದು ಮಿಲ್ಲಿಮೀಟರ್ ಮಳೆ ಎಂದರೆ ಸುಮಾರು 4,000 ಲೀಟರ್ ನೀರು. ಹಾಗಾದರೆ ಆ ಕಾಡಿನ ಪ್ರತಿ ಎಕರೆಗೂ ವರ್ಷಕ್ಕೆ 44 ಲಕ್ಷ ಲೀಟರ್ ಬೀಳುತ್ತದೆ. 36 ಲಕ್ಷವನ್ನು ಕಾಡೇ ತೆಗೆದುಕೊಳ್ಳುತ್ತದೆ. 4 ಲಕ್ಷ ಹಳ್ಳಕ್ಕೆ. ಮೂರೂಕಾಲು ಲಕ್ಷದಷ್ಟು ನೆಲದಡಿಗೆ. ಹೆಂಗಸರಿಗೆ ಇದನ್ನು ಹೇಳುವಾಗ ನಾನು ಕೊಡದ ಲೆಕ್ಕದಲ್ಲಿ ಹೇಳಿದೆ: ಆಕಾಶದಿಂದ ಹನ್ನೊಂದು ಕೊಡ ಬಂದರೆ ಒಂಬತ್ತು ಕೊಡ ಮರಕ್ಕೆ, ಒಂದು ಕೊಡ ಹಳ್ಳಕ್ಕೆ, ಮುಕ್ಕಾಲು ಕೊಡಕ್ಕಿಂತ ತುಸು ಹೆಚ್ಚು ಬಾವಿಯ ಕಡೆಗೆ. "ಮರಾನೇ ಅಷ್ಟು ಕುಡಿಯೋದಾ!" ಎಂದು ಒಬ್ಬ ಅಜ್ಜಿ ಗಲ್ಲದ ಮೇಲೆ ಕೈಯಿಟ್ಟರು.

ಹೌದು, ಅಷ್ಟು ಕುಡಿಯುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತ ಹಿರಿಯರ ಮಾತು ಇಲ್ಲಿಯವರೆಗೆ ಸರಿ. ಇನ್ನೂ ಒಂದು ವಿಷಯ. ಆ 900ರಲ್ಲಿ 100 ಮಿಲ್ಲಿಮೀಟರಿನಷ್ಟನ್ನು ಮರಗಳು ಮೇಲ್ಮಣ್ಣಿನಿಂದಲ್ಲ, ಬಹಳ ಕೆಳಗಿನ, ಗರಸಿನಂತೆ ಮೆತ್ತಗಾದ ಕಲ್ಲಿನ ಪದರದಿಂದ ಎಳೆದುಕೊಳ್ಳುತ್ತವೆ. ಮೇಲಿನ ಮಣ್ಣು ಒಣಗಿದ ಮೇಲೂ ಆ ಕಾಡು ಬದುಕಿರುವುದು ಹೀಗೆ.

ಈ ಪದರವೇ ಇಡೀ ಕಥೆಯ ಮುಖ್ಯ ಪಾತ್ರ ಎಂದರೂ ತಪ್ಪಿಲ್ಲ. ಮೇಲಿನ ಮಣ್ಣಿಗೂ ಕೆಳಗಿನ ಗಟ್ಟಿ ಬಂಡೆಗೂ ನಡುವೆ ಹತ್ತಾರು ಅಡಿ ದಪ್ಪಕ್ಕೆ ಇರುವ ಇದು ನೀರನ್ನು ಸ್ಪಂಜಿನಂತೆ ಹಿಡಿಯುತ್ತದೆ. ಒಳ್ಳೆಯ ಮಳೆಯಾದರೆ ನೀರು ಮೊದಲು ಇದನ್ನು ನೆನೆಸಬೇಕು. ನೆನೆದು ಮಿಕ್ಕದ್ದು ಮಾತ್ರ ಕೆಳಗಿನ ಅಂತರ್ಜಲಕ್ಕೆ ಸೇರುತ್ತದೆ. ಹಿಂದಿನ ಬರಗಾಲದಲ್ಲಿ ಮರಗಳು ಅದನ್ನು ಹಿಂಡಿ ಒಣಗಿಸಿದ್ದರೆ ಹೊಸ ಮಳೆ ಆ ಹಳೆಯ ಸಾಲವನ್ನು ತೀರಿಸುವುದರಲ್ಲೇ ಕಳೆದುಹೋಗುತ್ತದೆ. ಆದುದರಿಂದ ಈ ವರ್ಷದ ಮಳೆಯ ಫಲ ಬಾವಿಯಲ್ಲಿ ಈ ವರ್ಷವೇ ಕಾಣಬೇಕೆಂಬ ನಿಯಮವಿಲ್ಲ. ಮೂಲೆಹೊಳೆಯ ಒಂದೇ ಇಳಿಜಾರಿನ ಬಾವಿಗಳೂ ಒಂದೇ ಸಮಯಕ್ಕೆ ಏರಲಿಲ್ಲ. ಪದರ ಎಲ್ಲಿ ಎಷ್ಟು ದಪ್ಪವೋ ಅದಕ್ಕೆ ತಕ್ಕಂತೆ ಮುಂಚೆ, ತಡವಾಗಿ ಏರಿದವು.

ಅಳತೆ ಶುರುವಾದ 2003 ರಾಜ್ಯಕ್ಕೆ ಬರದ ವರ್ಷ. 2005 ಒಳ್ಳೆಯ ಮಳೆಯ ವರ್ಷ. ಮೊದಲ ಎರಡು ವರ್ಷಕ್ಕೇ ಪುಸ್ತಕ ಮುಚ್ಚಿದ್ದರೆ, "ಕಾಡು ಬಾವಿಯನ್ನು ಒಣಗಿಸುತ್ತದೆ" ಎಂದು ಬರೆದು ಹೋಗಬಹುದಾಗಿತ್ತು. 32 ವರ್ಷದ ಲೆಕ್ಕದಲ್ಲಿ ಹಸಿಯ ಕಾಲವೂ ಒಣ ಕಾಲವೂ ಸುಮಾರು 14 ವರ್ಷಗಳ ಆವರ್ತದಲ್ಲಿ ಒಂದರ ಹಿಂದೊಂದು ಬಂದಿರುವುದು ಕಂಡಿದೆ. ಎರಡು ಮೂರು ವರ್ಷ ಅಳೆಯುವವನಿಗೆ ಈ ಚಕ್ರದ ಯಾವ ಭಾಗದಲ್ಲಿ ತಾನು ನಿಂತಿದ್ದೇನೆಂಬುದೇ ತಿಳಿಯುವುದಿಲ್ಲ. 2022ರ ನವೆಂಬರಿನಲ್ಲಿ ಟೇಪು ಹಿಡಿದು ನಿಂತಿದ್ದ ನನಗೂ ತಿಳಿದಿರಲಿಲ್ಲ.

ಉಪ್ಪಿನಿಂದ ನೀರಿನ ಲೆಕ್ಕ

ಮರ ಕುಡಿದ ನೀರನ್ನು ಯಾರು ಅಳೆದರು ಎಂದು ಕೇಳಬಹುದು. ಹಲವು ವಿಧಾನಗಳಿವೆ, ಒಂದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದು ಅಡುಗೆಮನೆಯಲ್ಲಿ ಎಲ್ಲರೂ ಕಂಡದ್ದು. ಸಾರು ಒಲೆಯ ಮೇಲೆ ಬತ್ತಿದಷ್ಟೂ ಉಪ್ಪಾಗುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಮಳೆಯ ನೀರಿನಲ್ಲೂ ಸಮುದ್ರದ ಗಾಳಿಯಿಂದ ಬಂದ ಒಂದಿಷ್ಟು ಉಪ್ಪಿನ ಅಂಶ, ಕ್ಲೋರೈಡ್, ಇರುತ್ತದೆ. ಮರಗಳು ನೀರನ್ನು ತೆಗೆದುಕೊಂಡು ಇದನ್ನು ಹೆಚ್ಚಾಗಿ ಮಣ್ಣಿನಲ್ಲೇ ಬಿಡುತ್ತವೆ. ಮಳೆಯಲ್ಲಿರುವುದಕ್ಕಿಂತ ಅಂತರ್ಜಲದಲ್ಲಿ ಕ್ಲೋರೈಡ್ ಹತ್ತು ಪಟ್ಟು ಗಟ್ಟಿಯಾಗಿದ್ದರೆ, ನೆಲಕ್ಕಿಳಿದ ನೀರಿನಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಕೆಳಗೆ ತಲುಪಿದೆ ಎಂದು ತಿಳಿಯಬೇಕು. ಮೂಲೆಹೊಳೆಯಲ್ಲಿ ಬಾವಿಗಳ ಏರಿಳಿತದ ಜತೆಗೆ ಈ ಕ್ರಮವನ್ನೂ ಬಳಸಿದ್ದಾರೆ.

ನಮ್ಮ ಹೊಲಗಳಲ್ಲಿ ಇದು ನಡೆಯುವುದಿಲ್ಲ. ನಾವು ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕ್ಲೋರೈಡಿನದೇ ಗೊಬ್ಬರ. ಊರ ಚರಂಡಿಯ ನೀರೂ ಅಷ್ಟೆ. ಆದ್ದರಿಂದಲೇ ಗೊಬ್ಬರ ಬೀಳದ ಕಾಡಿನ ಅಳತೆಗೆ ಬೆಲೆ.

ಹಾಗಾದರೆ ಮರ ಕಡಿಯೋಣವೇ?

ಒಂಬತ್ತು ಕೊಡ ಮರಕ್ಕೆ ಎಂದ ಕೂಡಲೇ, "ಹಾಗಾದ್ರೆ ಮರ ತೆಗೆದ್ರೆ ಒಂಬತ್ತೂ ನಮ್ಗೇ" ಎಂದು ಒಬ್ಬ ಹುಡುಗ ಕೇಳಿಯೇ ಕೇಳಿದ. ಇಲ್ಲ. ಮರ ತೆಗೆದ ನೆಲದ ಮೇಲೆ ದನ ಕುರಿ ತುಳಿದು, ಮಳೆಹನಿ ಬಡಿದು, ಮಣ್ಣು ಕಣದ ನೆಲದ ಹಾಗೆ ಗಟ್ಟಿಯಾಗುತ್ತದೆ. ಆಗ ನೀರು ಇಂಗುವ ಮೊದಲೇ ಓಡುತ್ತದೆ. ಓಡುವಾಗ ಮಣ್ಣನ್ನೂ ಹೊತ್ತು ಕೆರೆಗೆ ಸುರಿಯುತ್ತದೆ. ಉತ್ತರ ಕನ್ನಡದ ಹಳ್ಳಗಳ ಮೇಲೆ ಜಗದೀಶ್ ಕೃಷ್ಣಸ್ವಾಮಿ ಮತ್ತು ಅವರ ಜತೆಗಾರರು ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಬಗೆಯ ನೆಲಗಳನ್ನು ಹೋಲಿಸಿದ್ದಾರೆ: ಒಳ್ಳೆಯ ಕಾಡು, ಅಕೇಶಿಯಾ ನೆಡುತೋಪು, ಕೆಟ್ಟುಹೋದ ಕಾಡು. ಕರಾವಳಿಯ ಕಡೆಯ ಹಳ್ಳಗಳಲ್ಲಿ ಮಳೆ ಬಂದಾಗ ಹರಿದು ಹೋದ ಪಾಲು ಕೆಟ್ಟ ಕಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು, ಒಳ್ಳೆಯ ಕಾಡಿನಲ್ಲಿ ಎಲ್ಲಕ್ಕಿಂತ ಕಡಿಮೆ. ನೆಲಕ್ಕಿಳಿದ ಪಾಲು ಇದಕ್ಕೆ ಸರಿಯಾಗಿ ತಿರುಗಮುರುಗ. ನೆಡುತೋಪು ಎರಡರಲ್ಲೂ ನಡುವೆ. ಕಾಡು ಹೆಚ್ಚು ಕುಡಿದರೂ ಅದಕ್ಕಿಂತ ಹೆಚ್ಚು ಇಂಗಿಸಿದರೆ ಬಾವಿಗೆ ಲಾಭ. ಇಂಗಿಸುವುದಕ್ಕಿಂತ ಕುಡಿಯುವುದೇ ಹೆಚ್ಚಾದರೆ ಬಾವಿಗೆ ನಷ್ಟ. ಅಷ್ಟು ಮಳೆ ಬೀಳದ ನಮ್ಮ ಸೀಮೆಯಲ್ಲಿ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂಬುದು ಮರದ ಜಾತಿ, ಮಣ್ಣಿನ ಆಳ, ಮೇಯಿಸುವ ರೀತಿ ಇವುಗಳ ಮೇಲೆ ನಿಂತಿದೆ.

ಮರದ ಜಾತಿ ಎಂದಾಗ ನೀಲಗಿರಿಯ ಮಾತು ಬರಲೇಬೇಕು. ಇಲ್ಲೇ ಹೊಸಕೋಟೆಯ ಒಂದು ನೀಲಗಿರಿ ತೋಪಿನಲ್ಲಿ ಇಂಗ್ಲೆಂಡಿನ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಮೂರು ವರ್ಷ ಅಳೆದರು. ಅವು ಮಳೆ ಕಡಿಮೆಯಾದ ವರ್ಷಗಳು. ಮೂರು ವರ್ಷಕ್ಕೆ ಬಿದ್ದ ಮಳೆ 2,100 ಮಿಲ್ಲಿಮೀಟರ್. ಮರಗಳು ಬಳಸಿದ ನೀರು 3,400. ಆದಾಯಕ್ಕಿಂತ ಖರ್ಚು ಹೆಚ್ಚು ಹೇಗೆ? ಹಿಂದೆ ಬೇಸಾಯದ ಕಾಲದಲ್ಲಿ ಆಳದ ಮಣ್ಣಿನಲ್ಲಿ ಕೂಡಿಕೊಂಡಿದ್ದ ಹಳೆಯ ಗಂಟನ್ನು ಬೇರು ಇಳಿಸಿ ಎಳೆದುಕೊಂಡವು. ಉದಕಮಂಡಲದ ಹತ್ತಿರ ಗ್ಲೆನ್‌ಮಾರ್ಗನ್ ಎಂಬಲ್ಲಿ ಇದಕ್ಕಿಂತ ಹಳೆಯ ಪ್ರಯೋಗ ನಡೆದಿದೆ. ಸುಮಾರು 32 ಹೆಕ್ಟೇರಿನ ಎರಡು ಹುಲ್ಲುಗಾವಲು ಜಲಾನಯನಗಳನ್ನು ಪಕ್ಕಪಕ್ಕದಲ್ಲಿ ಆರಿಸಿ, 1968ರಿಂದ ಎರಡನ್ನೂ ಹಾಗೆಯೇ ಅಳೆದು ಹೋಲಿಸಿಕೊಂಡರು. 1972ರಲ್ಲಿ ಒಂದರ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ನೀಲಗಿರಿ ನೆಟ್ಟು, ಇನ್ನೊಂದನ್ನು ಹುಲ್ಲಾಗಿಯೇ ಬಿಟ್ಟರು. ಮೊದಲ ಹತ್ತು ವರ್ಷದ ಬೆಳೆಯಲ್ಲಿ ನೆಟ್ಟ ಕಡೆಯ ನೀರು 16 ಶೇಕಡಾ ಕಡಿಮೆಯಾಯಿತು. ನೆಡುವ ಮೊದಲೇ ನಾಲ್ಕು ವರ್ಷ ಅಳೆದಿದ್ದರಿಂದ, ಪಕ್ಕದಲ್ಲಿ ನೆಡದ ಜಾಗ ಒಂದಿದ್ದರಿಂದ, "ಮಳೆ ಕಡಿಮೆಯಾಗಿ ಹೀಗಾಯಿತು" ಎಂದು ಯಾರೂ ಹೇಳುವ ಹಾಗಿರಲಿಲ್ಲ. ನಮ್ಮ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು 2017ರಲ್ಲಿ ಸರ್ಕಾರ ನಿಷೇಧಿಸಿತು. ಗೋಮಾಳಕ್ಕೆ ಆ ಗಿಡದ ಮಾತು ಬೇಡ.

ಅಣೆಕಟ್ಟಿನ ದಿನವಹಿ

ಕಾಡಿನ ಮಾತಾಯಿತು, ನಮ್ಮ ಅರ್ಕಾವತಿಯನ್ನು ನೋಡೋಣ. ನಂದಿಬೆಟ್ಟದ ಕಡೆ ಹುಟ್ಟಿ ಬರುವ ಈ ಹೊಳೆಗೆ ಹೆಸರಘಟ್ಟದಲ್ಲಿ 1894ರಲ್ಲಿ ಕಟ್ಟೆ ಕಟ್ಟಿ, 1896ರಿಂದ ಸೋಲದೇವನಹಳ್ಳಿಯ ಮೂಲಕ ಬೆಂಗಳೂರಿಗೆ ನೀರು ಕಳಿಸಿದರು. ಅದು ಸಾಲದಾದಾಗ 1933ರಲ್ಲಿ ಕೆಳಗೆ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು. ಆಮೇಲೆ ಹೊಳೆ ಸೊರಗುತ್ತ ಬಂದದ್ದನ್ನು ಇಲ್ಲಿಯ ಹಿರಿಯರೆಲ್ಲ ಕಂಡಿದ್ದಾರೆ. ಏಕೆ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕಾರಣ: ಮಳೆ ಕಡಿಮೆಯಾಯಿತು, ಬಿಸಿಲು ಹೆಚ್ಚಿತು, ನೀಲಗಿರಿ ಬಂತು, ಬೋರು ಬಂತು, ಚೆಕ್‌ಡ್ಯಾಮ್ ಬಂತು.

ನಮ್ಮ ಜಕ್ಕೂರಿನ ಕಡೆಯೇ ಇರುವ ಏಟ್ರೀ ಎಂಬ ಸಂಶೋಧನ ಸಂಸ್ಥೆಯವರು ಈ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಮಳೆಯ ಇಳಿಕೆಯಿಂದಾಗಲಿ ಬಿಸಿಲಿನ ಏರಿಕೆಯಿಂದಾಗಲಿ ಹೊಳೆಯ ಸೊರಗುವಿಕೆಯನ್ನು ವಿವರಿಸಲಾಗುವುದಿಲ್ಲ. ಕೊಳವೆಬಾವಿಗಳಿಂದ ನೀರೆತ್ತಿದ್ದು ಮತ್ತು ನೀಲಗಿರಿ ತೋಪುಗಳು ಮುಖ್ಯ ಕಾರಣಗಳಾಗಿ ಕಾಣುತ್ತವೆ. ಹಳ್ಳಗಳಿಗೆ ಅಡ್ಡ ಕಟ್ಟಿದ ಕಟ್ಟೆಗಳ ಪಾಲು ಅವಕ್ಕಿಂತ ಕಡಿಮೆ ಎಂದು ಅವರ ಅಭಿಪ್ರಾಯ. ಅವರಿಗೆ ದೊಡ್ಡ ಕಷ್ಟವೆಂದರೆ ದಾಖಲೆಯ ಕೊರತೆ. ಮೇಲಿನ ಹಳ್ಳಗಳಲ್ಲಿ ಹರಿದ ನೀರನ್ನು ಯಾರೂ ಬರೆದಿಟ್ಟಿರಲಿಲ್ಲ. ತಿಪ್ಪಗೊಂಡನಹಳ್ಳಿಯ ಜಲಾಶಯದಲ್ಲಿ ದಶಕಗಳಿಂದ ಇಟ್ಟುಕೊಂಡು ಬಂದ ನೀರಿನ ಲೆಕ್ಕವೇ ಆಧಾರವಾಯಿತು. ಅಲ್ಲಿ ಮಟ್ಟ ನೋಡಿ ಬರೆದ ನೌಕರ ಊರಿಗೆ ಎಷ್ಟು ನೀರು ಬಿಡಬೇಕೆಂದು ತಿಳಿಯಲು ಬರೆದ. ಹೊಳೆ ಏಕೆ ಬತ್ತಿತು ಎಂಬ ಪ್ರಶ್ನೆಗೆ ತಾನು ಉತ್ತರ ಬರೆಯುತ್ತಿದ್ದೇನೆಂದು ಅವನು ಎಣಿಸಿರಲಾರ. ಅಮೆರಿಕೆಯ ಹಬ್ಬರ್ಡ್ ಬ್ರೂಕ್ ಎಂಬ ಕಾಡಿನಲ್ಲೂ ಹೀಗೆಯೇ ಆಯಿತು. 1955ರಲ್ಲಿ ಕಾಡು ಮತ್ತು ಹಳ್ಳದ ನೀರಿನ ಸಂಬಂಧ ತಿಳಿಯಲೆಂದು ಆರಿಸಿದ ಜಾಗ. 1963ರಿಂದ ಮಳೆಯ ನೀರನ್ನೂ ಪರೀಕ್ಷಿಸತೊಡಗಿದಾಗ ಅದರಲ್ಲಿ ಆಮ್ಲವಿರುವುದು ಗೊತ್ತಾಯಿತು, ಅದು ಇಳಿಯುತ್ತ ಬಂದದ್ದೂ ಅದೇ ಪುಸ್ತಕದಿಂದ ಗೊತ್ತಾಯಿತು.

ನಮ್ಮಲ್ಲಿಯೂ ಹಿಂದೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬಿನ ಕಲ್ಲಿನ ಎಷ್ಟನೆಯ ಮೆಟ್ಟಿಲಿಗೆ ನೀರಿದೆ, ಯಾವ ಮಳೆಗೆ ಕೋಡಿ ಬಿತ್ತು, ಉತ್ತರೆಗೋ ಹಸ್ತಕ್ಕೋ, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಬರೆದಿಡಲಿಲ್ಲ, ಅಷ್ಟೇ ಕೊರತೆ.

ಗೋಮಾಳದಲ್ಲಿ ಏನು ಮಾಡಬಹುದು

ಈಗ ಗ್ರಾಮಸಭೆಗೆ ನನ್ನ ಉತ್ತರ. ಹತ್ತಿಪ್ಪತ್ತು ಎಕರೆ ಗಿಡದಿಂದ ನಮ್ಮೂರ ಮೇಲೆ ಮಳೆ ಹೆಚ್ಚುವುದಿಲ್ಲ. ಎರಡು ವರ್ಷಕ್ಕೆ ಕೆರೆ ಕೋಡಿ ಬೀಳುವುದೂ ಇಲ್ಲ. ಬಿದ್ದರೆ ಅದು ಮಳೆಯಿಂದ. ಆದರೆ ಗೋಮಾಳ ಈಗಿರುವ ಹಾಗೆ ಗಟ್ಟಿಯಾಗಿ ಬೋಳಾಗಿದ್ದರೆ ಕೆರೆಗೆ ಹೂಳು ಬರುವುದು ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಒಂದು ಭಾಗಕ್ಕೆ ಬೇಲಿ ಹಾಕಿ ಹುಲ್ಲು ಬರಲು ಬಿಡಿ; ಹುಲ್ಲೂ ನೀರು ಹಿಡಿಯುತ್ತದೆ, ಮರಕ್ಕಿಂತ ಕಡಿಮೆ ಕುಡಿಯುತ್ತದೆ. ಹುಲ್ಲಿನ ನಡುವೆ ಹೊಂಗೆ, ಹಿಪ್ಪೆ, ನೇರಳೆ, ದಿಂಡಿಗದಂಥ ಇಲ್ಲಿಯ ಗಿಡಗಳನ್ನು ವಿರಳವಾಗಿ ಹಾಕಿ. ಆ ಗೋಮಾಳದಲ್ಲಿ ಎರಡು ಸಣ್ಣ ಹಳ್ಳಗಳಿವೆ. ಒಂದರ ಮೇಲ್ಭಾಗದಲ್ಲಿ ಮಾತ್ರ ನೆಡೋಣ, ಇನ್ನೊಂದನ್ನು ಸದ್ಯಕ್ಕೆ ಹಾಗೆಯೇ ಬಿಡೋಣ. ಗ್ಲೆನ್‌ಮಾರ್ಗನ್‌ನಲ್ಲಿ ನಾಲ್ಕು ವರ್ಷ ಕಾದರು. ನಿಮಗೆ ನಾಲ್ಕು ವರ್ಷ ಕಾಯಿರಿ ಎಂದರೆ ಮುಂದಿನ ಸಭೆಗೆ ನನ್ನನ್ನು ಕರೆಯಲಾರಿರಿ; ಒಂದು ಮಳೆಗಾಲವಾದರೂ ನೆಡದೆ ಎರಡನ್ನೂ ಅಳೆಯೋಣ.

ಅಳೆಯುವ ಸಾಮಾನು ದುಬಾರಿಯದೇನಲ್ಲ. ಹಳ್ಳಕ್ಕೆ ಅಡ್ಡಲಾಗಿ ತಗಡಿನ ಹಲಗೆ ನಿಲ್ಲಿಸಿ, ಅದರಲ್ಲಿ ಮೂಲೆಮಟ್ಟದ ತ್ರಿಕೋನದ ಕಂಡಿ ಕತ್ತರಿಸಿ, ಹಿಂದೆ ಸ್ವಲ್ಪ ದೂರದಲ್ಲಿ ನೀರು ಕಂಡಿಯ ಮೂಲೆಯಿಂದ ಎಷ್ಟು ಎತ್ತರ ನಿಂತಿದೆ ಎಂದು ನೋಡಬೇಕು. ಹತ್ತು ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಲೀಟರ್ ಹರಿಯುತ್ತಿದೆ. ಇಪ್ಪತ್ತಾದರೆ ಇಪ್ಪತ್ತೈದು ಲೀಟರಿನ ಹತ್ತಿರ. ಎತ್ತರ ಇಮ್ಮಡಿಯಾದರೆ ನೀರು ಐದೂವರೆ ಪಟ್ಟು ಎಂಬುದನ್ನು ಮರೆಯಬಾರದು. ಮಳೆಯ ಲೆಕ್ಕಕ್ಕೆ ಯಲಹಂಕದಲ್ಲೇ ಇರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ ಇಟ್ಟಿದ್ದಾರೆ. ಆದರೂ ಊರ ಈ ತುದಿಯ ಮಳೆ ಆ ತುದಿಗಿಲ್ಲದ್ದನ್ನು ನಾವು ಕಂಡಿಲ್ಲವೆ? ಗೋಮಾಳದ ಬಳಿ ನಮ್ಮದೂ ಒಂದಿರಲಿ. ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯಬೇಕು. ಮಳೆ ಬಾರದ ದಿನ ಸೊನ್ನೆ ಬರೆಯಬೇಕು, ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ಬರೆಯುವವರು ಬರಲಿಲ್ಲವೋ ಮುಂದೆ ತಿಳಿಯದು.

ಬಾವಿಗೆ ಕಟ್ಟೆಯ ಮೇಲೆ ಕೆಂಪು ಗುರುತು ಹಾಕಿ, ಯಾವಾಗಲೂ ಅಲ್ಲಿಂದಲೇ ಟೇಪು ಬಿಡಬೇಕು. ತಿಂಗಳ ಒಂದನೇ ತಾರೀಖು, ಬೆಳಗಿನ ಜಾವ, ಸುತ್ತಿನ ಮೋಟಾರು ಶುರುವಾಗುವ ಮೊದಲು. ಮೋಟಾರು ಇಳಿಸಿದ ಬೋರಿನೊಳಗೆ ಟೇಪು ಬಿಡಬೇಡಿ, ಸಿಕ್ಕಿಹಾಕಿಕೊಳ್ಳುತ್ತದೆ. ಕೈಬಿಟ್ಟ ಬೋರು ಇದ್ದರೆ ಅದೇ ಒಳ್ಳೆಯದು.

ಗುಲಾಬಿ ಕಳೆದುಕೊಂಡ ಆ ರೈತರ ಬಾವಿಯಲ್ಲಿ 2024ರ ಜೂನಿನಿಂದ ಈ ಕೆಲಸ ನಡೆಯುತ್ತಿದೆ. ಬರೆಯುವವಳು ಹೈಸ್ಕೂಲಿನಲ್ಲಿ ಓದುವ ಅವರ ಮಗಳು. ನನ್ನ ಅಕ್ಷರಕ್ಕಿಂತ ಅವಳ ಅಕ್ಷರ ದುಂಡಗಿದೆ. ಆ ವರ್ಷದ ಅಕ್ಟೋಬರಿನಲ್ಲಿ ಯಲಹಂಕದ ಮನೆಗಳಿಗೆ ನೀರು ನುಗ್ಗಿದ ಮಳೆಯಲ್ಲಿ ಬಾವಿ ಏರಿದ್ದು ಗೇಣಿನಷ್ಟು ಮಾತ್ರ. ಮಳೆ ನಿಂತು ತಿಂಗಳು ಕಳೆದ ಮೇಲೆ ಅದಕ್ಕಿಂತ ಹೆಚ್ಚು ಏರಿತು. "ಮಳೆ ಇಲ್ದೆ ನೀರು ಹೆಂಗೆ ಬಂತಣ್ಣ?" ಎಂದು ಅವಳು ಕೇಳಿದಾಗ ಮೂಲೆಹೊಳೆಯ ಸ್ಪಂಜಿನ ಕಥೆ ಹೇಳಿದೆ. ಅವಳ ತಂದೆ ಇನ್ನರ್ಧ ಎಕರೆಗೆ ಮತ್ತೆ ಗಿಡ ಹಾಕಲೇ ಎಂದು ಕೇಳಿದರು. ಪುಸ್ತಕದಲ್ಲಿ ಇನ್ನೂ ಒಂದು ಬರಗಾಲವೂ ಬಂದಿಲ್ಲ, ಈಗಲೇ ಬೇಡ, ರಾಗಿ ಹಾಕಿ ಎಂದೆ. ರಾಗಿಯನ್ನೇ ಹಾಕಿದ್ದಾರೆ.

ಬರುವ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಆರು ಗಂಟೆಗೆ ನಾನು ಕೆರೆಯ ತೂಬಿನ ಹತ್ತಿರ ಇರುತ್ತೇನೆ. ಟೇಪು, ಕೆಂಪು ಬಣ್ಣದ ಡಬ್ಬಿ, ಗೆರೆ ಹಾಕಿದ ದಪ್ಪ ಪುಸ್ತಕ ನನ್ನ ಬಳಿ ಇವೆ. ಹಗ್ಗ ಮತ್ತು ಒಂದು ಏಣಿಯನ್ನು ಊರಿನವರು ತಂದರೆ ಸಾಕು.